ಕಾರಾಪುರದ ಮಾವುತನ ಮಗ ಸಾಬು: ಬೆಳ್ಳಿತೆರೆ ಅವನನ್ನು ದೊಡ್ಡವನಾಗಲು ಬಿಡಲಿಲ್ಲ

ಮಾನಂತವಾಡಿಯಿಂದ ಬಾವಲಿ ದಾಟಿ ಎಚ್.ಡಿ. ಕೋಟೆಯ ಕಡೆಗೆ ಬಸ್ಸಿನಲ್ಲಿ ಹೋದವರಿಗೆ ಆ ಕಾಡಿನ ಪರಿಚಯ ಇದ್ದೇ ಇರುತ್ತದೆ. ವಯನಾಡಿನಲ್ಲಿ ಹುಟ್ಟಿದ ಕಬಿನಿ ಹೊಳೆ ಮೈಸೂರು ಸೀಮೆಗೆ ಇಳಿಯುವ ಜಾಗ ಅದು. ಆ ಹೊಳೆಯ ಬದಿಯಲ್ಲಿ ಕಾರಾಪುರ ಎಂಬ ಊರಿದೆ. ಈಗ ಅಲ್ಲಿಗೆ ಹೋಗುವವರೆಲ್ಲ ಹುಲಿ, ಆನೆ ನೋಡಲು ಹೋಗುವ ಪ್ರವಾಸಿಗರು. ಆದರೆ ಒಂದು ಕಾಲದಲ್ಲಿ ಈ ಕಾರಾಪುರದ ಹುಡುಗನೊಬ್ಬನನ್ನು ನೋಡಲು ಲಂಡನ್ ಮತ್ತು ನ್ಯೂಯಾರ್ಕ್ ನಗರಗಳಲ್ಲಿ ಜನ ಟಿಕೆಟ್‌ಗಾಗಿ ಸಾಲು ನಿಂತಿದ್ದರು ಎಂದರೆ ನಂಬುತ್ತೀರಾ?

ಆ ಹುಡುಗನ ಹೆಸರು ಸಾಬು. ಇಂಗ್ಲಿಷ್ ಸಿನಿಮಾದಲ್ಲಿ ನಾಯಕನ ಸ್ಥಾನಕ್ಕೇರಿದ ಮೊದಲ ಭಾರತೀಯ ತಾರೆಗಳಲ್ಲಿ ಒಬ್ಬ. ಭಾರತೀಯರ ಪಾತ್ರವನ್ನೂ ಬಿಳಿಯರೇ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಮಾಡುತ್ತಿದ್ದ ಕಾಲದಲ್ಲಿ, ತನ್ನದೇ ಮೈಬಣ್ಣದಲ್ಲಿ ತೆರೆಗೆ ಬಂದು ಗೆದ್ದವನು. ಇದು ಅವನ ಬದುಕಿನ ಒಂದು ಮುಖ. ಇನ್ನೊಂದು ಮುಖವೂ ಇದೆ. ಅದನ್ನು ತಿಳಿದರೆ ಆ ಕಾಲದ ಬ್ರಿಟಿಷ್ ಸಿನಿಮಾ, ಅದರಲ್ಲೂ ಸಾಹಸದ ಮತ್ತು ಥ್ರಿಲ್ಲರ್ ಸಿನಿಮಾ, ನಮ್ಮಂಥವರನ್ನು ಹೇಗೆ ನೋಡುತ್ತಿತ್ತು ಎಂಬುದು ಅರ್ಥವಾಗುತ್ತದೆ.

ಆನೆಲಾಯದ ತಬ್ಬಲಿ

ಸಾಬು ಹುಟ್ಟಿದ್ದು 1924ರಲ್ಲಿ, ಕಾರಾಪುರದಲ್ಲಿ. ತಂದೆ ಮೈಸೂರು ಮಹಾರಾಜರ ಆನೆಗಳ ಮಾವುತ. ತಾಯಿ ಮಗುವಿದ್ದಾಗಲೇ ತೀರಿಕೊಂಡರು. ಕೆಲವು ವರ್ಷಗಳಲ್ಲಿ ತಂದೆಯೂ ಹೋದರು. ಹೀಗೆ ತಬ್ಬಲಿಯಾದ ಹುಡುಗ ಮೈಸೂರಿನ ಅರಮನೆಯ ಆನೆಲಾಯದ ಆಶ್ರಯಕ್ಕೆ ಬಂದ. ಅಣ್ಣ ಒಬ್ಬನಿದ್ದ. ಆನೆಗೆ ಮೇವು ಹಾಕುವುದು, ಹೊಳೆಗೆ ಕರೆದುಕೊಂಡು ಹೋಗಿ ಮೈ ತಿಕ್ಕುವುದು, ಕಿವಿಯ ಹಿಂದೆ ಕಾಲಿಟ್ಟು ಕುಳಿತು ನಡೆಸುವುದು, ಇವೇ ಅವನ ಪಾಠ. ಮಾವುತರ ಮನೆಯ ಮಕ್ಕಳಿಗೆ ಇದು ಹೊಸದೇನಲ್ಲ.

ಅವನ ಹೆಸರಿನದೇ ಒಂದು ಕಥೆ. ಹಲವು ಪುಸ್ತಕಗಳಲ್ಲಿ ಸಾಬು ದಸ್ತಗೀರ್ ಎಂದಿದೆ. ನಿಜವಾಗಿ ದಸ್ತಗೀರ್ ಎಂಬುದು ಅವನ ಅಣ್ಣನ ಹೆಸರು, ಶೇಖ್ ದಸ್ತಗೀರ್. ವಿದೇಶದ ದಾಖಲೆಗಳಲ್ಲಿ ಅಣ್ಣನ ಹೆಸರು ತಮ್ಮನ ಮನೆಹೆಸರಾಗಿ ಅಂಟಿಕೊಂಡಿತು. ಗಡಿಭಾಗದ ನಮಗೆ ಇದು ವಿಚಿತ್ರವಾಗಿ ಕಾಣಲಾರದು. ಬೇರೆ ಭಾಷೆಯ ಕಚೇರಿಯಲ್ಲಿ ನಮ್ಮ ಊರು, ಹೆಸರು, ಇನಿಷಿಯಲ್ ಏನೇನಾಗುತ್ತವೆ ಎಂಬುದು ರೇಷನ್ ಕಾರ್ಡ್ ಹಿಡಿದು ಅಲೆದವರಿಗೆಲ್ಲ ಗೊತ್ತು. ಸಿನಿಮಾದ ಜಾಹೀರಾತುಗಳಲ್ಲಂತೂ ಅವನಿಗೆ ಉಳಿದದ್ದು ಒಂದೇ ಪದ, ಸಾಬು.

ಫ್ಲಾಹರ್ಟಿ ಮೈಸೂರಿಗೆ ಬಂದರು

1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ನಿರ್ದೇಶಕರು ಮೈಸೂರಿಗೆ ಬಂದಿಳಿದರು. ಹಿಮದ ನಾಡಿನ ಎಸ್ಕಿಮೋ ಜನರ ಬದುಕನ್ನು 1922ರಲ್ಲೇ ಚಿತ್ರ ಮಾಡಿ ಹೆಸರು ಗಳಿಸಿದ್ದವರು. ಅವರನ್ನು ಕಳುಹಿಸಿದ್ದು ಲಂಡನ್ ಫಿಲ್ಮ್ಸ್ ಸಂಸ್ಥೆಯ ಒಡೆಯ ಅಲೆಕ್ಸಾಂಡರ್ ಕೊರ್ಡಾ. ಈ ಕೊರ್ಡಾ ಹುಟ್ಟಿನಿಂದ ಹಂಗೇರಿಯವರು. ಬ್ರಿಟನ್ನಿಗೆ ಬಂದು ದೊಡ್ಡ ಸಿನಿಮಾ ಸಂಸ್ಥೆ ಕಟ್ಟಿದವರು. ರಡ್ಯಾರ್ಡ್ ಕಿಪ್ಲಿಂಗ್ ಬರೆದ ತೂಮಾಯಿ ಎಂಬ ಮಾವುತ ಹುಡುಗನ ಕಥೆಯನ್ನು ಸಿನಿಮಾ ಮಾಡಬೇಕು ಎಂಬುದು ಅವರ ಯೋಜನೆ.

ಮೈಸೂರಿನ ಮಹಾರಾಜರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರು ಚಿತ್ರತಂಡಕ್ಕೆ ಬೇಕಾದ ನೆರವನ್ನೆಲ್ಲ ಕೊಟ್ಟರು. ಇಳಿದುಕೊಳ್ಳಲು ಚಿತ್ತರಂಜನ ಮಹಲ್, ಚಿತ್ರೀಕರಣಕ್ಕೆ ಅರಮನೆಯ ಆನೆಗಳು, ಮಾವುತರು, ಕಾಕನಕೋಟೆಯ ಕಾಡಿನ ಖೆಡ್ಡಾ. ಕಾಡಾನೆಯ ಹಿಂಡನ್ನು ಹೊಳೆ ದಾಟಿಸಿ ದೊಡ್ಡಿಗೆ ಕೂಡುವ ಆ ಖೆಡ್ಡಾವನ್ನು ನೋಡಲು ಆಗ ವೈಸ್‌ರಾಯ್‌ಗಳೇ ಬರುತ್ತಿದ್ದರು.

ಎಲ್ಲವೂ ಇತ್ತು, ಹುಡುಗ ಮಾತ್ರ ಸಿಕ್ಕಿರಲಿಲ್ಲ. ಕೊನೆಗೆ ಆನೆಲಾಯದಲ್ಲಿ ಛಾಯಾಗ್ರಾಹಕ ಆಸ್ಮಂಡ್ ಬೊರಡೇಲ್ ಅವರ ಕಣ್ಣಿಗೆ ಸಾಬು ಬಿದ್ದ. ಹನ್ನೊಂದರ ಆಸುಪಾಸಿನ ವಯಸ್ಸು. ಇಂಗ್ಲಿಷ್ ಒಂದಕ್ಷರ ಬಾರದು. ಆದರೆ ದೊಡ್ಡಾನೆಯ ಸೊಂಡಿಲು ಹಿಡಿದು ಮೇಲೇರುವ ರೀತಿ, ಕ್ಯಾಮರಾ ಮುಂದೆ ಅಂಜದ ನಗು, ಇವೆರಡೇ ಸಾಕಾದವು. ಚಿತ್ರದ ಕಾಲಾನಾಗ್ ಎಂಬ ಆನೆಯ ಪಾತ್ರಕ್ಕೆ ಅರಮನೆಯ ಐರಾವತ ಬಂತು. ಆನೆಗೂ ಹುಡುಗನಿಗೂ ನಟನೆ ಕಲಿಸುವ ಅಗತ್ಯವೇ ಬೀಳಲಿಲ್ಲ. ದಿನವೂ ಮಾಡುತ್ತಿದ್ದದ್ದನ್ನೇ ಕ್ಯಾಮರಾ ಮುಂದೆ ಮಾಡಿದರು.

ಫ್ಲಾಹರ್ಟಿ ತಿಂಗಳುಗಟ್ಟಲೆ ಮೈಸೂರಿನಲ್ಲೇ ಉಳಿದು ರಾಶಿ ರಾಶಿ ಫಿಲ್ಮು ತೆಗೆದರು. ಆದರೆ ಲಂಡನ್ನಿನಲ್ಲಿ ಕುಳಿತ ಕೊರ್ಡಾ ಅವರಿಗೆ ಬೇಕಾದ ಕಥೆ ಅದರಲ್ಲಿ ಕಾಣಿಸಲಿಲ್ಲ. ತಂಡವನ್ನು ವಾಪಸು ಕರೆಸಿದರು. ಜತೆಗೆ ಸಾಬು ಮತ್ತು ಅವನ ಅಣ್ಣನನ್ನೂ. ಲಂಡನ್ನಿನ ಹೊರವಲಯದ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಕಾಡಿನ ಸೆಟ್ ಹಾಕಿ, ಅಲೆಕ್ಸಾಂಡರ್ ಅವರ ತಮ್ಮ ಜೋಲ್ಟಾನ್ ಕೊರ್ಡಾ ಉಳಿದ ದೃಶ್ಯಗಳನ್ನು ತೆಗೆದರು. ಅಲ್ಲಿ ತೂಮಾಯಿಯ ಅಪ್ಪನಾಗಿ ನಿಂತದ್ದು ಬಣ್ಣ ಬಳಿದುಕೊಂಡ ಇಂಗ್ಲಿಷ್ ನಟ. ಆನೆ ಹಿಡಿಯುವವರ ಮುಖಂಡ ಮಾಚುವಾ ಅಪ್ಪನೂ ಹಾಗೆಯೇ.

'ಎಲಿಫೆಂಟ್ ಬಾಯ್' 1937ರಲ್ಲಿ ಬಿಡುಗಡೆಯಾಯಿತು. ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನಕ್ಕೆ ಪ್ರಶಸ್ತಿ ಬಂತು. ಜನಕ್ಕೆ ನೆನಪುಳಿದದ್ದು ಮಾತ್ರ ಹುಡುಗನ ಮುಖ. ಕಾರಾಪುರದ ತಬ್ಬಲಿ ರಾತ್ರಿ ಬೆಳಗಾಗುವುದರೊಳಗೆ ತಾರೆಯಾದ.

ನಗಾರಿ ಬಾರಿಸಿದ ರಾಜಕುಮಾರ

ಕೊರ್ಡಾ ತಡಮಾಡಲಿಲ್ಲ. ಹುಡುಗನನ್ನು ಇಂಗ್ಲೆಂಡಿನಲ್ಲೇ ಶಾಲೆಗೆ ಸೇರಿಸಿ, ಅವನಿಗಾಗಿಯೇ ಹೊಸ ಕಥೆ ಸಿದ್ಧಪಡಿಸಿದರು. 1938ರಲ್ಲಿ ಬಂದ 'ದಿ ಡ್ರಮ್' ಬಣ್ಣದ ಚಿತ್ರ. ಕಥೆ ವಾಯುವ್ಯ ಗಡಿ ಪ್ರಾಂತ್ಯದ್ದು. ಗುಡ್ಡಗಾಡಿನ ಒಂದು ಸಣ್ಣ ರಾಜ್ಯ, ಅಲ್ಲಿ ಅಣ್ಣನನ್ನು ಕೊಲ್ಲಿಸಿ ಗದ್ದುಗೆ ಹಿಡಿದ ಗುಲ್ ಖಾನ್. ಔತಣದ ನೆಪದಲ್ಲಿ ಬ್ರಿಟಿಷ್ ಸೈನಿಕರನ್ನು ಕರೆದು ಕೊಲ್ಲುವುದು ಅವನ ಸಂಚು. ಸತ್ತ ರಾಜನ ಮಗ ಅಜೀಮ್ ಬ್ರಿಟಿಷ್ ಡ್ರಮ್ ಹುಡುಗನೊಬ್ಬನ ಗೆಳೆಯ. ಅವನಿಂದ ಕಲಿತ ಸಂಕೇತವನ್ನು ಬಾರಿಸಿ ಅಪಾಯದ ಎಚ್ಚರಿಕೆ ಕೊಡುತ್ತಾನೆ. ಸಂಚು, ಗುಪ್ತ ಸುದ್ದಿ, ಕೊನೆಯ ಗಳಿಗೆಯ ಪಾರು, ಹೀಗೆ ಥ್ರಿಲ್ಲರ್ ಚಿತ್ರಕ್ಕೆ ಬೇಕಾದ ಮಸಾಲೆಯೆಲ್ಲ ಅದರಲ್ಲಿತ್ತು.

ಅಜೀಮ್ ಆಗಿ ಸಾಬು. ದುಷ್ಟ ಗುಲ್ ಖಾನ್ ಆಗಿ ಕೆನಡಾದ ನಟ ರೇಮಂಡ್ ಮ್ಯಾಸಿ, ಮುಖಕ್ಕೆ ಬಣ್ಣ ಬಳಿದುಕೊಂಡು. ಗಡಿನಾಡಿನ ಬೆಟ್ಟಗಳ ಬಹುಪಾಲು ದೃಶ್ಯಗಳನ್ನು ತೆಗೆದದ್ದು ಬ್ರಿಟನ್ನಿನ ವೇಲ್ಸ್‌ನಲ್ಲಿ.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಈ ಕಥೆಯಲ್ಲಿ ಒಳ್ಳೆಯ ಭಾರತೀಯ ಯಾರು? ಬ್ರಿಟಿಷರನ್ನು ನಂಬುವ, ಅವರ ಸಂಕೇತ ಕಲಿತು ಅವರನ್ನೇ ಉಳಿಸುವ ಬಾಲಕ. ಕೆಟ್ಟ ಭಾರತೀಯ ಯಾರು? ಅವರನ್ನು ಹೊರಗಟ್ಟಬೇಕೆನ್ನುವ ವಯಸ್ಕ. ನಂಬಿಕೆಗೆ ಅರ್ಹನಾಗಬೇಕಾದರೆ ನಮ್ಮವನು ಮಗುವಾಗಿರಬೇಕು. ಬೆಳೆದರೆ ಅವನ ಮೇಲೆ ಗುಮಾನಿ. ಸ್ವಾತಂತ್ರ್ಯ ಹೋರಾಟ ಕಾವೇರಿದ್ದ ದಿನಗಳಲ್ಲಿ ಲಂಡನ್ನಿನ ಸಿನಿಮಾ ಹೇಳಿದ ಕಥೆ ಇದು.

ಭಾರತದ ಪ್ರೇಕ್ಷಕರಿಗೆ ಇದು ಅರ್ಥವಾಗದೆ ಇರಲಿಲ್ಲ. 1938ರಲ್ಲಿ ಚಿತ್ರ ಬಂದಾಗ ಮುಂಬಯಿಯಲ್ಲಿ ಜನ ಬೀದಿಗಿಳಿದರು. ಮದ್ರಾಸಿನಲ್ಲೂ ಪ್ರತಿಭಟನೆ ಆಯಿತು. ಚಿತ್ರವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಸಾಬುವಿಗೆ ಆಗ ಹದಿನಾಲ್ಕು ವರ್ಷ. ಲಂಡನ್ನಿನಲ್ಲಿ ಅವನು ತಾರೆ. ತವರಿನಲ್ಲಿ ಅವನು ನಟಿಸಿದ ಚಿತ್ರಕ್ಕೆ ಧಿಕ್ಕಾರ. ಕಥೆ ಬರೆದವನೂ ಅವನಲ್ಲ, ಆರಿಸಿಕೊಂಡವನೂ ಅವನಲ್ಲ.

ಇಂಥ ಇಕ್ಕಟ್ಟಿಗೆ ಸಿಕ್ಕಿದವನು ಸಾಬು ಒಬ್ಬನೇ ಅಲ್ಲ. ಅಮೆರಿಕದ ಕಪ್ಪು ಜನಾಂಗದ ಹೆಸರಾಂತ ಗಾಯಕ, ನಟ ಪಾಲ್ ರೋಬ್ಸನ್ ಅವರು ಇದೇ ಕೊರ್ಡಾ ಸಹೋದರರ 'ಸ್ಯಾಂಡರ್ಸ್ ಆಫ್ ದಿ ರಿವರ್' ಚಿತ್ರದಲ್ಲಿ 1935ರಲ್ಲಿ ನಟಿಸಿದ್ದರು. ಆಫ್ರಿಕಾದ ಸಂಸ್ಕೃತಿಯನ್ನು ಗೌರವದಿಂದ ತೋರಿಸುತ್ತಾರೆಂದು ನಂಬಿ ಒಪ್ಪಿಕೊಂಡಿದ್ದರು. ಸಿದ್ಧವಾಗಿ ಬಂದ ಚಿತ್ರ ಬ್ರಿಟಿಷ್ ಆಳ್ವಿಕೆಯ ಹೊಗಳಿಕೆಯಾಗಿತ್ತು. ಅವರು ಆಮೇಲೆ ಆ ಚಿತ್ರವನ್ನು ತಮ್ಮದೆಂದು ಹೇಳಿಕೊಳ್ಳಲು ಇಷ್ಟಪಡಲಿಲ್ಲ. ರೋಬ್ಸನ್ ಕಾನೂನು ಓದಿದ, ಲೋಕ ಕಂಡ ವ್ಯಕ್ತಿ. ಅಂಥವರಿಗೇ ಹಾಗಾದರೆ ಆನೆಲಾಯದಿಂದ ಬಂದ ಹುಡುಗನ ಪಾಡೇನು?

ಒಬ್ಬ ಕಳ್ಳ ಇಬ್ಬರಾದ ಕಥೆ

ಸಾಬುವಿನ ಅತಿ ದೊಡ್ಡ ಯಶಸ್ಸು 1940ರ 'ದಿ ಥೀಫ್ ಆಫ್ ಬಾಗ್ದಾದ್'. ಡೆನ್‌ಹ್ಯಾಮ್‌ನಲ್ಲಿ ಶುರುವಾದ ಈ ಚಿತ್ರ, 1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಹಬ್ಬಿದ್ದರಿಂದ ಅಮೆರಿಕದಲ್ಲಿ ಮುಗಿಯಿತು. ಹಾರುವ ಕುದುರೆ, ಹಾರುವ ಚಾಪೆ, ಬಾಟಲಿಯಿಂದ ಹೊರಬರುವ ಬೃಹತ್ ಜಿನ್ನಿ, ಇವೆಲ್ಲ ಆ ಕಾಲಕ್ಕೆ ಬೆರಗು. ಚಿತ್ರಕ್ಕೆ ಮೂರು ಆಸ್ಕರ್ ಪ್ರಶಸ್ತಿ ಬಂತು. ಅಬು ಎಂಬ ಪುಟ್ಟ ಕಳ್ಳನಾಗಿ ಸಾಬು ಚಿತ್ರವನ್ನೇ ಕದ್ದುಬಿಟ್ಟ!

ಒಂದು ಸಂಗತಿ ಗಮನಿಸಿ. ಇದೇ ಹೆಸರಿನ ಮೂಕಿ ಚಿತ್ರ 1924ರಲ್ಲಿ ಬಂದಿತ್ತು. ಅದರಲ್ಲಿ ಕಳ್ಳನೂ ಅವನೇ, ರಾಜಕುಮಾರಿಯ ಪ್ರಿಯಕರನೂ ಅವನೇ. ಪಾತ್ರ ಮಾಡಿದ್ದು ಡಗ್ಲಸ್ ಫೇರ್‌ಬ್ಯಾಂಕ್ಸ್ ಎಂಬ ಬಿಳಿಯ ನಟ. 1940ರ ಚಿತ್ರದಲ್ಲಿ ಆ ಒಂದು ಪಾತ್ರವನ್ನು ಎರಡು ಮಾಡಿದರು. ಕಳ್ಳತನ, ಜಿಗಿತ, ಸಾಹಸ ಸಾಬುವಿನ ಪಾಲಿಗೆ. ಪ್ರೇಮ, ರಾಜ್ಯ, ರಾಜಕುಮಾರಿ ಇಂಗ್ಲಿಷ್ ನಟ ಜಾನ್ ಜಸ್ಟಿನ್ ಪಾಲಿಗೆ. ಕೊನೆಯಲ್ಲಿ ಮದುವೆಯ ಸಂಭ್ರಮ ನಡೆಯುತ್ತಿರುವಾಗ ಅಬು ಚಾಪೆಯೇರಿ ಇನ್ನೊಂದು ಸಾಹಸ ಹುಡುಕಿಕೊಂಡು ಹಾರಿಹೋಗುತ್ತಾನೆ. ಆಗ ಸಾಬು ಇನ್ನೂ ಚಿಕ್ಕವನಿದ್ದ, ಸರಿ. ಆದರೆ ಮುಂದೆ ಅವನು ದೊಡ್ಡವನಾದ ಮೇಲೂ ಇಂಗ್ಲಿಷ್ ಚಿತ್ರಗಳು ಅವನನ್ನು ನಾಯಕನ ಪಕ್ಕದ ಹುಡುಗನಾಗಿಯೇ ಬಳಸಿಕೊಂಡವು.

ನಮ್ಮ ಯಕ್ಷಗಾನದ ಮೇಳಗಳನ್ನು ನೋಡಿ. ಹುಡುಗನಾಗಿ ಸೇರಿದವನು ಬಾಲಗೋಪಾಲ ವೇಷದಿಂದ ಶುರುಮಾಡುತ್ತಾನೆ. ಕಾಲು ಪಳಗಿದ ಮೇಲೆ ಪುಂಡುವೇಷ, ಅಭಿಮನ್ಯು, ಬಭ್ರುವಾಹನ. ಇನ್ನೂ ಮಾಗಿದ ಮೇಲೆ ಕಿರೀಟ ವೇಷ. ಚೌಕಿಯಲ್ಲಿ ಅವನು ಕೂರುವ ಜಾಗವೂ ವರ್ಷ ಕಳೆದಂತೆ ಬದಲಾಗುತ್ತದೆ. ಸಾಬುವಿಗೆ ಈ ಮೆಟ್ಟಿಲುಗಳು ಸಿಗಲಿಲ್ಲ. ಕೊನೆಯವರೆಗೂ ಬಾಲಗೋಪಾಲ ವೇಷವೇ!

ಹಾಲಿವುಡ್, ಯುದ್ಧ, ವಿಮಾನ

ಅಮೆರಿಕ ಸೇರಿದ ಸಾಬು 1942ರ 'ಜಂಗಲ್ ಬುಕ್' ಚಿತ್ರದಲ್ಲಿ ಮೋಗ್ಲಿಯಾದರು. ಇದೂ ಜೋಲ್ಟಾನ್ ಕೊರ್ಡಾ ನಿರ್ದೇಶನದ್ದೇ. ಅನಂತರ ಯೂನಿವರ್ಸಲ್ ಸಂಸ್ಥೆ ಅವರನ್ನು 'ಅರೇಬಿಯನ್ ನೈಟ್ಸ್', 'ವೈಟ್ ಸ್ಯಾವೇಜ್', 'ಕೋಬ್ರಾ ವುಮನ್' ಚಿತ್ರಗಳಲ್ಲಿ ಹಾಕಿಕೊಂಡಿತು. ಮೂರರಲ್ಲೂ ನಾಯಕ ಜಾನ್ ಹಾಲ್, ನಾಯಕಿ ಮರಿಯಾ ಮೊಂಟೆಜ್. ಸಾಬು ಅವರ ಜತೆಗಾರ.

1944ರಲ್ಲಿ ಸಾಬು ಅಮೆರಿಕದ ಪೌರತ್ವ ಪಡೆದರು. ಭಾರತೀಯರಿಗೆ ಪೌರತ್ವದ ಬಾಗಿಲು ಕಾನೂನಿನಂತೆ ತೆರೆದದ್ದು 1946ರಲ್ಲಿ. ಅದಕ್ಕೂ ಎರಡು ವರ್ಷ ಮೊದಲು. ಆಗ ಅವರು ಅಮೆರಿಕದ ಸೇನೆಯ ವಾಯುಪಡೆಯಲ್ಲಿದ್ದರು. ಬಿ-24 ಬಾಂಬರ್ ವಿಮಾನದಲ್ಲಿ ಬಂದೂಕುಗಾರನ ಕೆಲಸ. ಪೆಸಿಫಿಕ್ ಸಾಗರದ ಮೇಲೆ ಹತ್ತಾರು ಬಾರಿ ಯುದ್ಧಕ್ಕೆ ಹಾರಿ, ಶೌರ್ಯಕ್ಕಾಗಿ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದರು. ತೆರೆಯ ಮೇಲೆ ಸದಾ ಹುಡುಗನಾಗಿದ್ದವರು ಯುದ್ಧದ ಆಕಾಶದಲ್ಲಿ ಸಹಚರರ ಜೀವ ಕಾಯುವ ಗಂಡಸಾಗಿದ್ದರು. ಯುದ್ಧ ಮುಗಿಸಿ ಬಂದವರಿಗೆ ಸ್ಟುಡಿಯೋ ಮತ್ತೆ ಅದೇ ರುಮಾಲು, ಅದೇ ತುಂಡುಬಟ್ಟೆ ಕೊಟ್ಟಿತು.

1947ರ ಎರಡು ಚಿತ್ರಗಳು

ಭಾರತಕ್ಕೆ ಸ್ವಾತಂತ್ರ್ಯ ಬಂದ ವರ್ಷವೇ ಸಾಬು ಅಭಿನಯದ ಎರಡು ಬ್ರಿಟಿಷ್ ಚಿತ್ರಗಳು ತೆರೆಕಂಡವು.

ಮೊದಲನೆಯದು 'ಬ್ಲ್ಯಾಕ್ ನಾರ್ಸಿಸಸ್'. ಮೈಕೆಲ್ ಪೊವೆಲ್ ಮತ್ತು ಎಮೆರಿಕ್ ಪ್ರೆಸ್‌ಬರ್ಗರ್ ಜೋಡಿಯ ಈ ಚಿತ್ರ ಹಿಮಾಲಯದ ಎತ್ತರದ ಹಳೆಯ ಅರಮನೆಯೊಂದರಲ್ಲಿ ಶಾಲೆ, ಆಸ್ಪತ್ರೆ ತೆರೆಯಲು ಬಂದ ಕ್ರೈಸ್ತ ಸನ್ಯಾಸಿನಿಯರ ಕಥೆ. ನಿಧಾನವಾಗಿ ಮನಸ್ಸುಗಳು ಕದಡಿ, ಕೊನೆಗೆ ಗಂಟೆ ಗೋಪುರದ ಅಂಚಿನಲ್ಲಿ ಸಾವಿನ ಹೋರಾಟವಾಗುತ್ತದೆ. ಎದೆ ನಡುಗಿಸುವ ಮನೋವೈಜ್ಞಾನಿಕ ಥ್ರಿಲ್ಲರ್ ಎಂದು ಇಂದಿಗೂ ಮೆಚ್ಚುತ್ತಾರೆ. ಛಾಯಾಗ್ರಹಣಕ್ಕೂ ಕಲಾನಿರ್ದೇಶನಕ್ಕೂ ಆಸ್ಕರ್ ಸಿಕ್ಕಿತು. ಆಶ್ಚರ್ಯವೆಂದರೆ ಹಿಮಾಲಯದ ಈ ಕಥೆಗೆ ಯಾರೂ ಭಾರತಕ್ಕೆ ಕಾಲಿಡಲಿಲ್ಲ. ಎಲ್ಲವೂ ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ, ಸಸೆಕ್ಸ್‌ನ ಒಂದು ತೋಟದಲ್ಲಿ ಮತ್ತು ಗಾಜಿನ ಮೇಲೆ ಬರೆದ ಬೆಟ್ಟಗಳಲ್ಲಿ!

ಇದರಲ್ಲಿ ಸಾಬು ರಾಜಮನೆತನದ ತರುಣ. ರೇಷ್ಮೆ ಉಡುಪು, ಮುತ್ತು ರತ್ನ, ಲಂಡನ್ನಿನಿಂದ ತರಿಸಿದ ಸುಗಂಧ. ಚಿತ್ರದ ಹೆಸರು ಬಂದದ್ದೇ ಆ ಸುಗಂಧದಿಂದ. ಮುಖ್ಯ ಪಾತ್ರಧಾರಿಗಳಲ್ಲಿ ಭಾರತೀಯರು ಸಾಬು ಒಬ್ಬರೇ. ಅವರ ದೊಡ್ಡಪ್ಪ ಜನರಲ್, ಅರಮನೆ ಕಾಯುವ ಮುದುಕಿ ಆಯಾ, ಎಲ್ಲರೂ ಬಣ್ಣ ಬಳಿದ ಇಂಗ್ಲಿಷರು. ಅವರು ಪ್ರೀತಿಸುವ ಹುಡುಗಿ ಕಾಂಚಿ ಆಗಿ ನಟಿಸಿದ್ದು ಮುಂದೆ ಬಹಳ ಹೆಸರಾದ ಜೀನ್ ಸಿಮನ್ಸ್. ಮೈಗೆ ಕಂದು ಬಣ್ಣ, ಮೂಗಿಗೆ ಮೂಗುತಿ. ಕಾಂಚಿಗೆ ಇಡೀ ಚಿತ್ರದಲ್ಲಿ ಒಂದೇ ಒಂದು ಮಾತಿಲ್ಲ. ಕುಣಿಯುತ್ತಾಳೆ, ನೋಡುತ್ತಾಳೆ, ಏಟು ತಿನ್ನುತ್ತಾಳೆ. ಒಂದು ನಾಡಿನ ಹೆಣ್ಣನ್ನು ತೋರಿಸಬೇಕು, ಆದರೆ ಅವಳ ಬಾಯಿಗೆ ಮಾತು ಹಾಕುವ ಅಗತ್ಯ ಯಾರಿಗೂ ಕಾಣಲಿಲ್ಲ.

ಹಾಗೆಂದು ಚಿತ್ರವನ್ನು ತೆಗೆದುಹಾಕುವಂತಿಲ್ಲ. ಅದರ ಕೊನೆಯಲ್ಲಿ ಸನ್ಯಾಸಿನಿಯರು ಸೋತು ಬೆಟ್ಟ ಇಳಿಯುತ್ತಾರೆ. ಬ್ರಿಟಿಷರು ಭಾರತ ಬಿಟ್ಟು ಹೊರಡುವ ಕಾಲಕ್ಕೆ ಅದು ಸರಿಯಾಗಿ ಹೊಂದಿತ್ತು ಎಂದು ಹಲವು ವಿಮರ್ಶಕರು ಹೇಳಿದ್ದಾರೆ.

ಎರಡನೆಯದು 'ದಿ ಎಂಡ್ ಆಫ್ ದಿ ರಿವರ್'. ಇದು ಬ್ರೆಜಿಲ್ ದೇಶದ ಕಥೆ. ಕೊಲೆಯ ಆರೋಪ ಹೊತ್ತ ಮನುವೆಲ್ ಎಂಬ ಕಾಡಿನ ಯುವಕ ನ್ಯಾಯಾಲಯದ ಕಟಕಟೆಯಲ್ಲಿ ನಿಂತಿದ್ದಾನೆ. ಅವನು ಅಲ್ಲಿಗೆ ಹೇಗೆ ಬಂದ ಎಂಬುದು ಹಿಂದಿನ ದೃಶ್ಯಗಳಲ್ಲಿ ಬಿಚ್ಚಿಕೊಳ್ಳುತ್ತದೆ. ಈ ಬಾರಿ ಚಿತ್ರತಂಡ ಬ್ರೆಜಿಲ್‌ಗೇ ಹೋಯಿತು. ಮನುವೆಲ್ ಪಾತ್ರ ಸಾಬು ಅವರದ್ದು. ಅಮೆರಿಕ ಖಂಡದ ಮೂಲನಿವಾಸಿಗಳನ್ನು ಕೊಲಂಬಸ್ ತಪ್ಪಾಗಿ ಇಂಡಿಯನ್ ಎಂದು ಕರೆದ. ಸುಮಾರು ನಾನೂರೈವತ್ತು ವರ್ಷಗಳ ಮೇಲೆ ಬ್ರಿಟಿಷ್ ಸಿನಿಮಾ ಆ ಇಂಡಿಯನ್ ಪಾತ್ರಕ್ಕೆ ಮೈಸೂರಿನ ಇಂಡಿಯನ್ನನ್ನು ಕರೆಯಿತು. ಅವರ ಕಣ್ಣಿಗೆ ಕಂದು ಬಣ್ಣವೆಲ್ಲ ಒಂದೇ.

ಆದರೂ ಸಾಬು ಅವರಿಗೆ ಸಿಕ್ಕ ಅಪರೂಪದ ಪಾತ್ರವಿದು. ಇಲ್ಲಿ ಅವರಿಗೆ ಹೆಂಡತಿಯಿದ್ದಾಳೆ, ದುಡಿಮೆಯಿದೆ, ಅನ್ಯಾಯದ ನೋವಿದೆ. ಚಿತ್ರ ಮಾತ್ರ ಓಡಲಿಲ್ಲ. ಬಾಗಿಲು ಮತ್ತೆ ಮುಚ್ಚಿತು.

ಕೈತಪ್ಪಿದ ಬಿರ್ಜು

1948ರಲ್ಲಿ ಸಾಬು ಮರಿಲಿನ್ ಕೂಪರ್ ಅವರನ್ನು ಮದುವೆಯಾದರು. ಇಬ್ಬರು ಮಕ್ಕಳಾದರು. ಅದೇ ವರ್ಷ ಜಿಮ್ ಕಾರ್ಬೆಟ್ ಹೆಸರಿನ ಬಲದಲ್ಲಿ ಬಂದ 'ಮ್ಯಾನ್ ಈಟರ್ ಆಫ್ ಕುಮಾಂವ್' ಚಿತ್ರದಲ್ಲಿ ಅವರು ಹಳ್ಳಿಯ ರೈತ. ಆಮೇಲೆ ಚಿತ್ರಗಳು ಸಣ್ಣವಾಗುತ್ತ ಹೋದವು. 1952ರ ಚಳಿಗಾಲದಲ್ಲಿ ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಆನೆಗಳ ಆಟ ಆಡಿಸಿದರು. ಇಟಲಿಗೆ ಹೋಗಿ ವಿಟ್ಟೋರಿಯೋ ಡಿ ಸಿಕಾ ಜತೆ ಒಂದು ಹಾಸ್ಯ ಚಿತ್ರದಲ್ಲಿ ನಟಿಸಿದರು. ಅಲ್ಲೂ ಕಥೆಗೊಂದು ಆನೆ ಬೇಕಾಯಿತು. ಜೀವನಕ್ಕೆ ಸಿನಿಮಾವನ್ನೇ ನೆಚ್ಚಿಕೊಳ್ಳದೆ ಕ್ಯಾಲಿಫೋರ್ನಿಯಾದಲ್ಲಿ ಅಣ್ಣನ ಜತೆ ಪೀಠೋಪಕರಣದ ಅಂಗಡಿ ನಡೆಸಿದರು, ಜಾಗ ಮನೆಗಳ ವ್ಯವಹಾರ ಮಾಡಿದರು. ಅಣ್ಣ ದಸ್ತಗೀರ್ 1960ರಲ್ಲಿ ಕೊಲೆಯಾದರು. ಆನೆಲಾಯದಿಂದ ಲಂಡನ್ನಿಗೆ ಜತೆಯಾಗಿ ಬಂದ ಒಂದೇ ಒಂದು ರಕ್ತಸಂಬಂಧ ಅಲ್ಲಿಗೆ ಹೋಯಿತು.

ಇದರ ನಡುವೆ ಒಂದು ಬಾಗಿಲು ತೆರೆದಂತೆ ಆಗಿತ್ತು. ಮುಂಬಯಿಯ ನಿರ್ದೇಶಕ ಮೆಹಬೂಬ್ ಖಾನ್ ತಮ್ಮ 'ಮದರ್ ಇಂಡಿಯಾ' ಚಿತ್ರದ ಬಿರ್ಜು ಪಾತ್ರಕ್ಕೆ ಸಾಬು ಅವರನ್ನು ಹಾಕಿಕೊಳ್ಳಲು ಬಯಸಿದರು. ಬಿರ್ಜು ಯಾರೆಂದು ಹೇಳಬೇಕಾಗಿಲ್ಲ. ಸಾಹುಕಾರನ ಲೆಕ್ಕದ ಪುಸ್ತಕಕ್ಕೆ ತಿರುಗಿಬಿದ್ದು, ಬಂದೂಕು ಹಿಡಿದು, ಕೊನೆಗೆ ತಾಯಿಯ ಕೈಯಿಂದಲೇ ಗುಂಡು ತಿನ್ನುವ ಮಗ. ಸಿಟ್ಟು, ಪ್ರೀತಿ, ಸೇಡು ಎಲ್ಲ ಇರುವ ತುಂಬು ಪಾತ್ರ. ಆದರೆ ಅಮೆರಿಕದ ಪ್ರಜೆಯಾಗಿದ್ದ ಸಾಬು ಅವರಿಗೆ ಭಾರತದಲ್ಲಿ ಕೆಲಸ ಮಾಡುವ ಪರವಾನಗಿ ಸಿಗಲಿಲ್ಲ. ಪಾತ್ರ ಸುನೀಲ್ ದತ್ ಪಾಲಾಯಿತು. 1957ರಲ್ಲಿ ಚಿತ್ರ ಬಂದು ದೇಶವೇ ನೋಡಿತು.

ಪರದೇಶದಲ್ಲಿ ಅವರು ಸದಾ ಭಾರತೀಯ. ಭಾರತದಲ್ಲಿ ಅವರ ಕಾಗದಪತ್ರ ಪರದೇಶಿ. ಹೀಗಾಗಿ ಸಾಬು ಒಂದೇ ಒಂದು ಭಾರತೀಯ ಚಿತ್ರದಲ್ಲೂ ನಟಿಸಲಿಲ್ಲ.

1960ರಲ್ಲಿ ಹಾಲಿವುಡ್ಡಿನ ಕಾಲುದಾರಿಯಲ್ಲಿ ಅವರ ಹೆಸರಿನ ನಕ್ಷತ್ರ ಹಾಕಿದರು. 1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯಾದ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಬರೀ 39. ಕೊನೆಯ ಚಿತ್ರ ಡಿಸ್ನಿಯವರ 'ಎ ಟೈಗರ್ ವಾಕ್ಸ್' ಅವರ ಸಾವಿನ ನಂತರ, 1964ರಲ್ಲಿ ಬಂತು. ಅದರಲ್ಲಿ ಅವರು ಹುಲಿ ಪಳಗಿಸುವವರು.

ಅವರ ನಂತರ ಏನಾಯಿತು?

ಬ್ರಿಟಿಷ್ ಥ್ರಿಲ್ಲರ್‌ಗಳು ನಿಂತ ನೀರಾಗಿ ಉಳಿಯಲಿಲ್ಲ. ಆದರೆ ಬದಲಾವಣೆ ಬಹಳ ನಿಧಾನ. 1951ರ 'ಪೂಲ್ ಆಫ್ ಲಂಡನ್' ಎಂಬ ಅಪರಾಧ ಚಿತ್ರದಲ್ಲಿ ಬರ್ಮುಡಾ ದ್ವೀಪದ ಕಪ್ಪು ನಟ ಅರ್ಲ್ ಕ್ಯಾಮೆರಾನ್ ಒಬ್ಬ ನಾವಿಕ. ಬಿಳಿ ಹುಡುಗಿಯೊಬ್ಬಳ ಜತೆ ಅವನ ಮೃದುವಾದ ಸ್ನೇಹವನ್ನು ತೋರಿಸಿದ್ದು ಅಲ್ಲಿಯ ಸಿನಿಮಾಕ್ಕೆ ಹೊಸದಾಗಿತ್ತು. ಅದೇ ನಿರ್ದೇಶಕ ಬೇಸಿಲ್ ಡಿಯರ್ಡನ್ 1959ರಲ್ಲಿ 'ಸಫೈರ್' ಮಾಡಿದರು. ಬಿಳಿಯಳಂತೆ ಕಾಣುವ ಮಿಶ್ರ ಜನಾಂಗದ ಹುಡುಗಿಯ ಕೊಲೆಯ ತನಿಖೆಯ ನೆಪದಲ್ಲಿ, ಲಂಡನ್ನಿನ ಮನೆ ಮನೆಯ ವರ್ಣದ್ವೇಷವನ್ನು ಅದು ಬಯಲಿಗೆಳೆಯಿತು.

ಆದರೆ ಅದೇ 1959ರಲ್ಲಿ ಬಂದ ಇನ್ನೊಂದು ಚಿತ್ರ 'ನಾರ್ತ್ ವೆಸ್ಟ್ ಫ್ರಾಂಟಿಯರ್'. ಗಲಭೆಯ ನಡುವೆ ಹಳೆಯ ರೈಲಿನಲ್ಲಿ ಪುಟ್ಟ ರಾಜಕುಮಾರನೊಬ್ಬನನ್ನು ಬ್ರಿಟಿಷ್ ಅಧಿಕಾರಿ ಪಾರುಮಾಡುವ ಕಥೆ. ರೈಲಿನ ಚಾಲಕನಾಗಿ ನಮ್ಮ ಐ.ಎಸ್. ಜೋಹರ್ ನಗಿಸುತ್ತಾರೆ. ಮಗುವನ್ನು ಕೊಲ್ಲಲು ಹೊಂಚು ಹಾಕುವ ಮಿಶ್ರ ಮೂಲದ ಖಳನಾಗಿ ನಟಿಸಿದ್ದು ಪ್ರಾಗ್ ನಗರದಲ್ಲಿ ಹುಟ್ಟಿದ ಹರ್ಬರ್ಟ್ ಲೊಮ್. 'ದಿ ಡ್ರಮ್' ಬಂದು 21 ವರ್ಷ ಕಳೆದಿತ್ತು, ಭಾರತ ಸ್ವತಂತ್ರವಾಗಿ 12 ವರ್ಷ ಆಗಿತ್ತು. ಆದರೂ ಒಳ್ಳೆಯ ರಾಜಕುಮಾರ ಮಗುವೇ, ಕೆಟ್ಟವನು ಬಂಡಾಯಗಾರನೇ, ಅವನ ಪಾತ್ರ ಯೂರೋಪಿನವನಿಗೇ.

ಸಾಬು ಅವರನ್ನು ಬರೀ ಬಲಿಪಶು ಎಂದರೆ ಅವರಿಗೆ ಅನ್ಯಾಯ ಮಾಡಿದಂತೆ. ಅನ್ನಕ್ಕೆ ಆನೆಲಾಯವನ್ನು ನಂಬಿದ್ದ ತಬ್ಬಲಿ ಸ್ವಂತ ಮನೆ, ಸಂಸಾರ, ವ್ಯಾಪಾರ, ಯುದ್ಧದ ಪದಕ ಎಲ್ಲವನ್ನೂ ಗಳಿಸಿದರು. ಕಂದು ಮೈಬಣ್ಣದ ಹುಡುಗನೊಬ್ಬ ಪೋಸ್ಟರಿನ ನಡುವೆ ನಿಲ್ಲಬಲ್ಲ ಎಂದು ಲೋಕಕ್ಕೆ ತೋರಿಸಿದ್ದು ಸಣ್ಣದಲ್ಲ. ಅದೃಷ್ಟವಂತ ಎಂದು ಬಿಟ್ಟರೂ ಸರಿಯಾಗದು. ಅವರಿಗೆ ಸಿಕ್ಕಿದ್ದು ಕಣ್ಣಿಗೆ ಬೀಳುವ ಅವಕಾಶ. ತಾನು ಯಾರಾಗಿ ಕಣ್ಣಿಗೆ ಬೀಳಬೇಕು ಎಂದು ತೀರ್ಮಾನಿಸುವ ಅವಕಾಶ ಬೇರೆಯವರ ಕೈಯಲ್ಲೇ ಉಳಿಯಿತು. ನಮ್ಮ ಚಿತ್ರ ತೆರೆಯ ಮೇಲೆ ಬಂದರೆ ಸಾಕೇ, ಅದನ್ನು ಬಿಡಿಸುವವರು ಯಾರು ಎಂಬುದೂ ಮುಖ್ಯವೇ? ಎರಡು ಭಾಷೆಯ ನಡುವೆ ಬದುಕುವ ನಾವು ಈ ಪ್ರಶ್ನೆಯನ್ನು ಬೇರೆಯವರಿಗಿಂತ ಬೇಗ ಅರ್ಥಮಾಡಿಕೊಳ್ಳುತ್ತೇವೆ.

ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮುಂದೆ ಕಬಿನಿ ಅಣೆಕಟ್ಟು ಬಂದು ಹಳೆಯ ಕಾಡಿನ ದೊಡ್ಡ ಭಾಗ ನೀರಿನಡಿ ಸೇರಿತು. ಆ ಕಾಡು, ಆ ಹೊಳೆ, ಅರಮನೆಯ ಆನೆಗಳು, ಹೆಸರಿಲ್ಲದ ಮಾವುತರು ಇವರೆಲ್ಲ 'ಎಲಿಫೆಂಟ್ ಬಾಯ್' ಚಿತ್ರದಲ್ಲಿ ಉಳಿದಿದ್ದಾರೆ. ಚಿತ್ರ ಎಲ್ಲಾದರೂ ಸಿಕ್ಕಿದರೆ ಮಕ್ಕಳ ಜತೆ ಕುಳಿತು ನೋಡಿ. ಮೈಸೂರಿನಲ್ಲಿ ತೆಗೆದ ದೃಶ್ಯ ಯಾವುದು, ಡೆನ್‌ಹ್ಯಾಮ್ ಸೆಟ್ಟಿನಲ್ಲಿ ತೆಗೆದದ್ದು ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆನೆಯ ಕಿವಿಯ ಹಿಂದೆ ಕಾಲಿಟ್ಟು ಕುಳಿತ ಆ ಹುಡುಗನ ಸುತ್ತ ಇರುವ ಮುಖಗಳನ್ನು ನೋಡಿ, ನಿಮಗೇ ತಿಳಿಯುತ್ತದೆ.